ಮೊದಲ ಹೆಸರು ಎಲ್ಲಿ ಹೋತು?

ಅವರು ಯಾವ ಬಾಗಿಲು ತಟ್ಟಿದರೂ ತಟ್ಟಿದ ಕೂಡಲೇ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದರು. ನಮ್ಮ ತರಬೇತಿ ಕೇಂದ್ರದ ಗಾಜಿನ ಬಾಗಿಲಿಗೂ ಹಾಗೆಯೇ. ಒಳಗೆ ಕೂತ ನಮಗೆಲ್ಲ ಅದು ಕಾಣುತ್ತಿತ್ತು, ಹುಡುಗಿಯರು ಬಾಯಿಗೆ ಕೈ ಇಟ್ಟು ನಗುತ್ತಿದ್ದರು. ಒಮ್ಮೆ ಕಾರಣ ಕೇಳಿದೆ.

"ಮೂವತ್ತ ವರ್ಷದ ಮ್ಯಾಲೆ ಸಮನ್ಸ್ ಹಂಚೇನ್ರಿ ಸರ್. ಬಾಗಲಾ ತಗದವರು ಮೊದಲ ಕೈಯಾಗ ಇದ್ದದ್ದು ಒಗೀತಾರ. ಯಾರು ಬಂದೀರಿ ಅಂತ ಆಮ್ಯಾಲೆ ಕೇಳ್ತಾರ" ಅಂದರು. ಹುಬ್ಬಿನ ಮೇಲಿದ್ದ ಗಾಯದ ಗುರುತು ತೋರಿಸಿ, "ಇದು ಒಳಕಲ್ಲಿನ ಗುಂಡು" ಎಂದು ಸೇರಿಸಿದರು. ಹೆಮ್ಮೆಯಿಂದಲೇ ಹೇಳಿದರು.

ಕೋರ್ಟಿನ ನೋಟಿಸುಗಳನ್ನು ಹಳ್ಳಿಹಳ್ಳಿಗೆ ಒಯ್ದು ಕೊಡುವ ನೌಕರಿ ಮಾಡಿ ನಿವೃತ್ತರಾದವರು ಅವರು. ನಾನು ಕೊಪ್ಪಳದ ಬಸ್ ನಿಲ್ದಾಣದ ಹತ್ತಿರ, ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ವೆಬ್ ಪ್ರೋಗ್ರಾಮಿಂಗ್ ಕಲಿಸುತ್ತಿದ್ದೆ. ನನ್ನ ವಿದ್ಯಾರ್ಥಿಗಳಿಗೆಲ್ಲ ಇಪ್ಪತ್ತರ ಆಸುಪಾಸು ವಯಸ್ಸು, ಇವರೊಬ್ಬರಿಗೆ ಅರವತ್ತೊಂದು. ಯಲಬುರ್ಗಾದಿಂದ ದಿನಾ ಬಸ್ಸಿಗೆ ಬಂದು, ಬಣ್ಣ ಹೋದ ಖಾಕಿ ಪ್ಯಾಂಟಿನಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಹುಡುಗರು ಅವರಿಗೆ ಸಮನ್ಸ್ ಕಾಕಾ ಎಂದು ಹೆಸರಿಟ್ಟರು. ಒಂದು ವಾರದಲ್ಲಿ ನಾನೂ ಹಾಗೇ ಕರೆಯತೊಡಗಿದೆ.

ಅವರು ಯಾರನ್ನೂ ಬರೀ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹೆಸರು, ತಂದೆಯ ಹೆಸರು, ಊರು, ತಾಲ್ಲೂಕು ಎಲ್ಲ ಹೇಳಿದ ಮೇಲೆಯೇ "ನಿಮ್ಮ ಪೆನ್ನ ಕೊಡ್ರಿ" ಎನ್ನುವುದು. ಹಾಜರಿ ಕೂಗಿದರೆ ತಮ್ಮದನ್ನೂ ಪೂರ್ತಿ ಹೇಳಿ, "ಹಾಜರ್" ಎಂದು ಎದ್ದು ನಿಲ್ಲುತ್ತಿದ್ದರು. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಕೇಳಿದವರಿಗೆ ಅವರ ಉತ್ತರ ಒಂದೇ: "ಈಗ ಸಮನ್ಸು ಮೊಬೈಲಿಗೇ ಹೋಗ್ತಾವಂತ. ನಾ ಅಷ್ಟ ವರ್ಷ ಬಿಸಲಾಗ ಅಡ್ಡಾಡಿ ಹುಡುಕಿದ ಮನಿ ಅದಕ್ಕ ಹೆಂಗ ಸಿಗತೈತಿ, ಅದೊಂದ ನೋಡಬೇಕ್ರಿ."

ಅವರೇನು ಸಾಧುಮನುಷ್ಯರಲ್ಲ. ತಮ್ಮ ಕೆಲಸದ ಕಥೆಗಳನ್ನು ಅವರು ಹೇಳುವಾಗ ಕೇಳುವವರು ಮುಖ ತಿರುಗಿಸುತ್ತಿದ್ದರು. ಕುಷ್ಟಗಿ ಕಡೆಯ ಒಬ್ಬ ಮನುಷ್ಯ ಎಂಟು ತಿಂಗಳು ಇವರ ಕೈಗೆ ಸಿಗದೆ ಓಡಾಡಿಕೊಂಡಿದ್ದನಂತೆ. ಕೊನೆಗೆ ಅವನ ಮಗಳ ಮದುವೆಯ ದಿನ ಇವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ ಊಟದ ಪಂಕ್ತಿಯಲ್ಲಿ ಕೂತರು. ಅಕ್ಷತೆಯ ಹೊತ್ತಿಗೆ ಎದ್ದು, ಬೀಗರೆಲ್ಲ ನೋಡುತ್ತಿರುವಾಗ ಅವನ ಕೈಯಲ್ಲಿ ಕಾಗದ ಇಟ್ಟು, ಕೇಸಿನ ವಿವರವನ್ನು ಗಟ್ಟಿಯಾಗಿ ಓದಿದರು.

"ಹಂಗ ಮಾಡಬಾರದಿತ್ತಲ್ಲ ಕಾಕಾ" ಎಂದಳು ಒಬ್ಬ ಹುಡುಗಿ.

"ಯಾಕ? ಮದಿವ್ಯಾಗ ಎಲ್ಲಾರೂ ಸಿಗ್ತಾರ" ಅಂದರು. "ಊಟಾನೂ ಛಲೋ ಇತ್ತು."

ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಅವರು ಪಾಠವನ್ನು ನಿಲ್ಲಿಸುತ್ತಿದ್ದರು. ಬೇರೆಯವರು ತಲೆಯಾಡಿಸಿ ಬರೆದುಕೊಳ್ಳುವ ಜಾಗದಲ್ಲಿ ಅವರು ಕೈ ಎತ್ತುತ್ತಿದ್ದರು. ಎತ್ತಿದ ಕೈ ನಾನು ನೋಡುವ ತನಕ ಇಳಿಯುತ್ತಿರಲಿಲ್ಲ. ನಾನು ಇಂಟರ್ನೆಟ್ಟಿನಲ್ಲಿ ನೋಡಿ ಕಲಿತು, ಮರುದಿನ ಬಂದು ಕಲಿಸುತ್ತಿದ್ದವನು. ಅವರ ಪ್ರಶ್ನೆಗಳು ನಾನು ಓದಿ ಬಂದ ಪುಟದಾಚೆ ಇರುತ್ತಿದ್ದವು.

ಒಂದು ದಿನ ಕ್ವೆರಿ ಸ್ಟ್ರಿಂಗ್ ಪಾಠ. ಲಿಂಕಿನಲ್ಲಿ ಪ್ರಶ್ನೆಯ ಗುರುತು ಬಂದ ಮೇಲೆ ಒಂದು ಬಾಲ ಇರುತ್ತದಲ್ಲ, ಹೆಸರು=ಬಸಮ್ಮ&ಊರು=ಅಳವಂಡಿ ಎನ್ನುವಂತೆ, ಅದು. ನೋಡುವುದಕ್ಕೆ ಒಂದೇ ದಾರ. ಪ್ರೋಗ್ರಾಮಿಗೆ ಅದು ಉಪಯೋಗಕ್ಕೆ ಬರಬೇಕಾದರೆ & ಇದ್ದಲ್ಲೆಲ್ಲ ಕತ್ತರಿಸಬೇಕು, ಪ್ರತಿ ತುಂಡನ್ನು = ಇರುವಲ್ಲಿ ಇಬ್ಭಾಗ ಮಾಡಬೇಕು, ಎಡಗಡೆಯದನ್ನು ಡಬ್ಬಿಯ ಮೇಲಿನ ಚೀಟಿಯಾಗಿ ಅಂಟಿಸಿ ಬಲಗಡೆಯದನ್ನು ಡಬ್ಬಿಯೊಳಗೆ ಇಡಬೇಕು. ಆಮೇಲೆ ಚೀಟಿ ನೋಡಿ ಬೇಕಾದ ಡಬ್ಬಿ ತೆಗೆದರಾಯಿತು. ಆರು ಸಾಲಿನಲ್ಲಿ ಬರೆದು, ಓಡಿಸಿ ತೋರಿಸಿದೆ. ಕೈ ಎದ್ದಿತು.

"ಸರ್, ಹೆಸರು ಅನ್ನೂದು ಎರಡ ಸಲ ಬಂದ್ರ? ಹೆಸರು ಅಂದ್ರ ಅಣ್ಣ, ಮತ್ತ ಹೆಸರು ಅಂದ್ರ ತಮ್ಮ. ಒಂದ ಮನ್ಯಾಗ ಇಬ್ಬರು ಇರ್ತಾರಲ್ರಿ."

"ಎರಡನೇದು ಡಬ್ಬ್ಯಾಗ ಕುಂಡ್ರತೈತಿ ಕಾಕಾ. ಚೀಟಿ ಒಂದ, ಡಬ್ಬಿ ಒಂದ."

"ಮೊದಲ ಹೆಸರು ಎಲ್ಲಿ ಹೋತು?"

"ಹೋತು."

"ಎಲ್ಲಿ?"

"ಸತ್ತಹೋತು ಕಾಕಾ. ತಿಥಿಗೆ ಕರೀತೀನಿ, ಬರ್ರಿ." ತರಗತಿ ನಕ್ಕಿತು. ಅವರು ನಗಲಿಲ್ಲ, ಕೂರಲೂ ಇಲ್ಲ.

"ಹಂಗಾರ ಯಾರಿಗೂ ತಿಳಿಯೂದಿಲ್ಲ? ತಪ್ಪಾಗೇತಿ ಅಂತ ಅದು ಹೇಳೂದಿಲ್ಲ?"

ಹೇಳುವುದಿಲ್ಲ. ಅದು ನನಗೆ ಆ ಕ್ಷಣದ ತನಕ ಹೊಳೆದಿರಲಿಲ್ಲ. ಒಪ್ಪಿಕೊಳ್ಳುವ ಬದಲು ನಾನು ಅವರ ಕೈಗೆ ಮಾರ್ಕರ್ ಕೊಟ್ಟೆ. ಲಿಂಕಿನೊಳಗೆ ಕನ್ನಡ ಹಾಗೇ ಹೋಗುವುದಿಲ್ಲ. ಒಂದೊಂದು ಗುರುತೂ ಶೇಕಡಾ ಚಿಹ್ನೆ ಮತ್ತು ಇಂಗ್ಲಿಷ್ ಅಕ್ಷರ-ಅಂಕಿಗಳ ಒಂಬತ್ತು ಗುರುತುಗಳಾಗಿ ಬಿಚ್ಚಿಕೊಳ್ಳುತ್ತದೆ. ಅಳವಂಡಿ ಎಂದು ಬರೆದರೆ ಐವತ್ತನಾಲ್ಕು. ಕಂಪ್ಯೂಟರು ಅದನ್ನು ಕಣ್ಣು ಮಿಟುಕಿಸುವುದರೊಳಗೆ ಮಾಡುತ್ತದೆ, ಕೈಯಿಂದ ಯಾರೂ ಬರೆಯುವುದಿಲ್ಲ. "ನಿಮ್ಮ ಹೆಸರು, ತಂದಿ ಹೆಸರು, ಊರು, ತಾಲ್ಲೂಕು ಎಲ್ಲಾ ಬರೀರಿ ಕಾಕಾ. ನಿಮಗ ಪೂರಾ ವಿಳಾಸ ಬೇಕಲ್ಲ" ಎಂದು ಅಕ್ಷರಪಟ್ಟಿಯ ಹಾಳೆಯೊಂದನ್ನು ಕೊಟ್ಟೆ.

ಅವರು ನಿಂತು ಬರೆದರು. ಬೋರ್ಡು ಮೇಲಿಂದ ಕೆಳಗೆ ತುಂಬಿತು. ಮಧ್ಯೆ ಕನ್ನಡಕ ಒರೆಸಿಕೊಂಡರು, ಕೈ ಬದಲಿಸಿದರು. ಹುಡುಗರು ಮೊಬೈಲಿನಲ್ಲಿ ಚಿತ್ರ ತೆಗೆದರು. ನಾನು ಕೆಳಗೆ ಹೋಗಿ ಚಹಾ ಕುಡಿದು, ಪೇಪರ್ ಓದಿ ಬಂದೆ. ಬಂದಾಗ ಇನ್ನೂ ಬರೆಯುತ್ತಿದ್ದರು. ಮುಗಿದ ಮೇಲೆ ನಾನು ತಪ್ಪು ಹುಡುಕಿದೆ. ಒಂದೂ ಇರಲಿಲ್ಲ. "ಅಕ್ಷರ ಸುಮಾರೈತಿ" ಎಂದು ಹೇಳಿ ಬೋರ್ಡು ಒರೆಸಿದೆ.

ಇಷ್ಟಾದ ಮೇಲೂ ಅವರು ನನ್ನನ್ನು ನಂಬಿದರು. ಅದು ಯಾಕೆಂದು ಈಗಲೂ ತಿಳಿಯದು. ಮುಂದಿನ ತಿಂಗಳು ಯಲಬುರ್ಗಾದ ಕಾಲೇಜೊಂದರಲ್ಲಿ ನನಗೆ ಒಂದು ದಿನದ ಕೆಲಸ ಬಂತು. ಇಬ್ಬರೂ ಒಂದೇ ಬಸ್ಸಿನಲ್ಲಿ ಹೊರಟೆವು. ಕುಕನೂರು ದಾಟಿದ ಮೇಲೆ ಬಸ್ಸು ಖಾಲಿಯಾಯಿತು. ಕಿಟಕಿಯಾಚೆ ಎರೆಹೊಲಗಳಲ್ಲಿ ಕಡಲೆ ಕಿತ್ತು ಗುಡ್ಡೆ ಹಾಕಿದ್ದರು.

"ಅವತ್ತ ನಾ ಕೇಳಿದ್ದು ಉಡಾಫಿಗಲ್ರಿ ಸರ್" ಎಂದು ಅವರು ಶುರುಮಾಡಿದರು.

ಅಳವಂಡಿ ಕಡೆಯ ಒಂದು ಹಳ್ಳಿಯಲ್ಲಿ ಇಬ್ಬರು ಅಕ್ಕತಂಗಿಯರ ಮೇಲೆ ಅವರ ಅಣ್ಣ ದಾವೆ ಹಾಕಿದ್ದ. ಅವ್ವನ ಮನೆ ಪೂರ್ತಿ ತನ್ನದೇ ಎಂದು. ಇಬ್ಬರ ಹೆಸರಿಗೂ ಬೇರೆ ಬೇರೆ ಸಮನ್ಸು. ಅಕ್ಕ ಊರಲ್ಲೇ, ಅಣ್ಣನ ಜೊತೆಗೇ ಇದ್ದಳು. ತಂಗಿ ಆನೆಗೊಂದಿಯಲ್ಲಿ ಬಾಳೆನಾರು ಹೊಸೆಯುವ ಕೆಲಸಕ್ಕೆ ಹೋಗಿ ಅಲ್ಲೇ ಉಳಿದಿದ್ದಳು. ಆನೆಗೊಂದಿಗೆ ಹೋಗಬೇಕೆಂದರೆ ಎರಡು ಬಸ್ಸು ಬದಲಿಸಬೇಕು, ಒಂದು ದಿನ ಕೆಡುತ್ತದೆ. ಬಿಸಿಲು ವಿಪರೀತ ಇತ್ತು.

"ಎರಡೂ ಕಾಗದಾ ಅಕ್ಕನ ಕೈಯಾಗ ಕೊಟ್ಟೆ. ನಿನ್ನ ತಂಗಿಗೆ ಮುಟ್ಟಸವಾ ಅಂದೆ. ಆಕಿ ಎರಡಕ್ಕೂ ಹೆಬ್ಬಟ್ಟು ಒತ್ತಿದ್ಲು. ಇಬ್ಬರಿಗೂ ಜಾರಿಯಾಗೇತಿ ಅಂತ ಬರದು ಕೊಟ್ಟೆ. ಅಕ್ಕ ಮುಟ್ಟಸಲಿಲ್ಲ. ಯಾಕ ಮುಟ್ಟಸ್ತಾಳ್ರಿ? ತಂಗಿ ಬರಲಿಲ್ಲ, ಮನಿ ಅಣ್ಣಂದಾತು. ಒಂದ ದಿವಸ ಆಕಿ ಊರಿಗೆ ಬಂದ್ರ ಆಕಿ ಪೆಟಗಿ, ಕೊಡಾ ಎಲ್ಲಾ ಹೊರಗ ಇಟ್ಟಿದ್ರು. ಆಕಿ ಕೋರ್ಟಿಗೆ ಬಂದು ನನ್ನ ಮುಂದ ನಿಂತು ಕೇಳಿದ್ಲು, ಯಪ್ಪಾ, ನನ್ನ ಕರದಿದ್ರ ನಾ ಬರ್ತಿದ್ನೆಲ್ಲೋ ಅಂತ. ಕರದೇನಿ, ಹೆಬ್ಬಟ್ಟ ಐತಿ ನೋಡು ಅಂದೆ."

"ಕಾಗದದಾಗ ಎಲ್ಲಾ ಬರೋಬ್ಬರಿ ಇತ್ತು ಸರ್. ನಿಮ್ಮ ಆರ ಸಾಲಿನಂಗ" ಅಂದರು. ಹೆಂಡತಿಗೂ ಇದನ್ನು ಹೇಳಿರಲಿಲ್ಲವಂತೆ. ಹೆಂಡತಿ ತೀರಿಹೋಗಿದ್ದರು, ಮನೆಯಲ್ಲಿ ಒಬ್ಬಳೇ ಮಗಳು. ಅವಳಿಗೂ ಹೇಳಿರಲಿಲ್ಲ.

ಆ ಮೇಲೆ ಅವರು ಒಂದು ಪುಟ ಕಟ್ಟತೊಡಗಿದರು. ತಾವು ತಿರುಗಿದ ಹಳ್ಳಿಗಳ ಜನರ ಹೆಸರಿಗೆ ಯಾವ ದಿನ ಕೋರ್ಟಿನ ತಾರೀಖು ಇದೆ ಎಂಬುದನ್ನು ಬಹಿರಂಗ ಪಟ್ಟಿಗಳಿಂದ ದಿನಾ ಬೆಳಿಗ್ಗೆ ನೋಡಿ ಅದರಲ್ಲಿ ಹಾಕುವುದು. ಜನ ಓದು ಬರದವರು. ಅದಕ್ಕೆ ಒಂದೊಂದು ಮನೆಗೆ ಒಂದೊಂದು ಲಿಂಕು ಮಾಡಿ ಅವರ ಮೊಬೈಲಿಗೆ ಕಳಿಸುವುದು. ಬೆರಳು ಒತ್ತಿದರೆ ಆ ಮನೆಯವರ ತಾರೀಖು ದೊಡ್ಡ ಅಕ್ಷರದಲ್ಲಿ ಕಾಣುತ್ತದೆ, ಪಕ್ಕದ ಗುಂಡಿ ಒತ್ತಿದರೆ ಕಾಕಾನದೇ ದನಿಯಲ್ಲಿ ಕೇಳುತ್ತದೆ. ಮನೆಯವರ ಹೆಸರೆಲ್ಲ ಲಿಂಕಿನ ಬಾಲದಲ್ಲಿ. ಎಷ್ಟು ಜನರೋ ಅಷ್ಟು ಸಲ ಹೆಸರು, ಹೆಸರು, ಹೆಸರು.

ನಮ್ಮ ಕೇಂದ್ರದ ಮಾಲೀಕರು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳ ಕೆಲಸದ ಪ್ರದರ್ಶನ ಇಡುತ್ತಿದ್ದರು. ಆ ಸಲದ ಅತಿಥಿ ಗಂಗಾವತಿಯ ಒಬ್ಬ ವಕೀಲರು. ಅವರು ಕಾಕಾನ ಪುಟದ ಮುಂದೆ ನಿಂತುಬಿಟ್ಟರು. ಉಳಿದವರು ಮಾಡಿದ ಹೋಟೆಲಿನ ಮೆನು, ಸೀರೆ ಅಂಗಡಿ ಯಾವುದನ್ನೂ ನೋಡಲಿಲ್ಲ. "ಇದನ್ನ ಯಾರು ಕಲಿಸಿದ್ರಿ?" ಎಂದು ಕೇಳಿದರು. ಕಾಕಾ ನನ್ನ ಕಡೆ ಕೈ ಮಾಡಿದರು. ನಾನು ಅದರಲ್ಲಿ ಒಂದು ಸಾಲೂ ಕಲಿಸಿರಲಿಲ್ಲ. ಮಾಲೀಕರಿಗೂ ಅದು ಗೊತ್ತಿತ್ತು. ಅವರ ಮುಖದಲ್ಲಿ ಒಂದು ನಗೆ ಬಂತು. ಆ ನಗೆ ನನಗೆ ಚುಚ್ಚಿತು.

"ಛಲೋ ಮಾಡ್ಯಾರ್ರಿ. ಆದ್ರ ಹೊಸಬರ ಕೆಲಸ, ಗಟ್ಟಿ ಇರೂದಿಲ್ಲ. ನೋಡ್ರಿ, ಈಗ ಮುರೀತೀನಿ" ಎಂದು ಮುಂದೆ ಹೋದೆ. ಲಿಂಕಿನ ಬಾಲಕ್ಕೆ ಎರಡು ಹೆಸರು ಹಾಕಿದೆ. ಎರಡೂ ಬಂದವು. ಐದು ಹಾಕಿದೆ, ಐದೂ ಬಂದವು, ಹಾಕಿದ ಕ್ರಮದಲ್ಲೇ. ಹೆಸರು ಎಂದು ಬರೆದು ಮುಂದೆ ಖಾಲಿ ಬಿಟ್ಟೆ. "ಒಬ್ಬರ ಹೆಸರು ಬಿಟ್ಟೀರಿ. ಯಾರಂತ ಬರೀರಿ" ಎಂದು ಪುಟ ಕೇಳಿತು. ಹೆಸರಿನ ನಡುವೆ = ಗುರುತು ತುರುಕಿದೆ. ಮೊದಲ = ಮಾತ್ರ ಹಿಡಿದು, ಉಳಿದದ್ದನ್ನು ಹೆಸರಿಗೇ ಬಿಟ್ಟಿತ್ತು. ಹುಡುಗರು ಈಗ ನಗುತ್ತಿದ್ದರು, ನನ್ನನ್ನು ನೋಡಿ. "ಬಿಡ್ರಿ, ಮುರಿಯೂದಿಲ್ಲ ಅದು" ಅಂದರು ವಕೀಲರು.

ಆಗ ನಾನು ಹೇಳಿದೆ. "ಇವರು ಯಾಕ ಇಷ್ಟ ಹುಷಾರು ಅಂತ ಗೊತ್ತೈತ್ರಿ ಸಾಹೇಬರ?" ಎಂದು ಶುರುಮಾಡಿ, ಬಸ್ಸಿನಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ಎರಡು ಸಮನ್ಸು, ಒಬ್ಬಳ ಎರಡು ಹೆಬ್ಬಟ್ಟು, ಬೀದಿಯಲ್ಲಿಟ್ಟ ಪೆಟ್ಟಿಗೆ. ತಮಾಷೆಯಾಗಿ, ಕೈ ಬಾಯಿ ತಿರುಗಿಸಿ ಹೇಳಿದೆ. ಆ ಹೆಂಗಸಿನ ದನಿಯನ್ನೂ ಅನುಕರಿಸಿದೆ. ಒಬ್ಬ ಹುಡುಗ ಅದನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದುದು ನನಗೆ ಕಾಣುತ್ತಿತ್ತು. ನಿಲ್ಲಿಸಲಿಲ್ಲ.

ಮುಗಿದಾಗ ಯಾರೂ ನಗಲಿಲ್ಲ. ವಕೀಲರು ಕಾಕಾನ ಕಡೆ ತಿರುಗಿ, "ಇದು ಖರೆ ಏನ್ರಿ?" ಎಂದರು.

"ಖರೆ ಐತ್ರಿ" ಅಂದರು ಅವರು. ದನಿ ಹಾಜರಿ ಹೇಳುವಾಗಿನಂತೆಯೇ ಇತ್ತು. "ಸರ್ ಹೆಸರು ಹೇಳಲಿಲ್ಲ. ನಾ ಹೇಳ್ತೀನಿ, ಬರಕೊಳ್ರಿ." ಅಕ್ಕನ ಹೆಸರು, ತಂಗಿಯ ಹೆಸರು, ತಂದೆ, ಊರು, ತಾಲ್ಲೂಕು ಎಲ್ಲ ಹೇಳಿದರು. ವಕೀಲರು ಬರೆದುಕೊಂಡರು. ಆಮೇಲೆ ಕಾಕಾ ತಮ್ಮ ಚೀಲ ತೆಗೆದುಕೊಂಡು ಮೆಟ್ಟಿಲಿಳಿದು ಹೋದರು. ಮತ್ತೆ ತರಗತಿಗೆ ಬರಲಿಲ್ಲ.

ವಿಡಿಯೊ ಮಾತ್ರ ಎಲ್ಲ ಕಡೆ ಹೋಯಿತು. ವಾರದೊಳಗೆ ಯಲಬುರ್ಗಾದ ಚಹಾದಂಗಡಿಗಳಲ್ಲಿ ಅದನ್ನು ನೋಡುತ್ತಿದ್ದರು. ಅವರ ಮಗಳು ಅಲ್ಲಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಅವಳನ್ನು ನೋಡಿ ಒಪ್ಪಿ ಹೋಗಿದ್ದವರು ಮಾತು ಮುರಿದರು. ಅವರ ಹಳೆಯ ಜೊತೆಗಾರರು ಎದುರಿಗೆ ಬಂದರೆ ರಸ್ತೆ ದಾಟುತ್ತಿದ್ದರಂತೆ. ಅವರ ಮೇಲೆ ವಿಚಾರಣೆಯೂ ಬಂತು. ಕರೆದ ದಿನ ಹೋಗಿ, ಕೇಳಿದ್ದಕ್ಕೆಲ್ಲ ಹೌದು ಎಂದು ಬರೆದುಕೊಟ್ಟು ಬಂದರು. ಅದರಿಂದ ಯಾರಿಗೂ ಏನೂ ಆಗಲಿಲ್ಲ. ಅವರೇ ಆನೆಗೊಂದಿಗೆ ಹೋಗಿ ಮೂರು ದಿನ ವಿಚಾರಿಸಿದಾಗ ತಂಗಿ ಸತ್ತು ಬಹಳ ದಿನವಾಗಿತ್ತು. ಅವಳ ಮಗ ಇವರಿಗೆ ಕುಡಿಯಲು ನೀರು ಕೊಟ್ಟು, ಯಾರು ಏನು ಎಂದು ಕೇಳದೆ ಕೆಲಸಕ್ಕೆ ಹೋದನಂತೆ. ಊರಿನ ಮನೆ ಎರಡು ಕೈ ಬದಲಾಗಿ ಗೊಬ್ಬರದ ಅಂಗಡಿಯಾಗಿತ್ತು.

ಇಷ್ಟು ನನಗೆ ತಿಳಿದದ್ದು ಅವರ ಬಾಯಿಂದಲೇ. ಯಾಕೆಂದರೆ ಮಾಲೀಕರು ನನ್ನನ್ನು ಅವರ ಮನೆಗೆ ಕಳಿಸಿದರು. ಅವರ ಪುಟಕ್ಕೂ ನಮ್ಮ ಕೇಂದ್ರಕ್ಕೂ ಯಾವ ಸಂಬಂಧವೂ ಇಲ್ಲ, ಅವರು ನಮ್ಮ ಹೆಸರು ಎತ್ತಕೂಡದು ಎಂಬ ಕಾಗದವೊಂದಕ್ಕೆ ಸಹಿ ತರಬೇಕಿತ್ತು. ನಾನು ಯಲಬುರ್ಗಾಕ್ಕೆ ಹೋಗಿ ಬಾಗಿಲು ತಟ್ಟಿ, ಎದುರಿಗೇ ನಿಂತೆ.

"ಪಕ್ಕಕ್ಕ ನಿಲ್ರಿ ಸರ್. ಇನ್ನೂ ಕಲೀಲಿಲ್ಲ ನೀವು" ಎಂದರು ಒಳಗಿನಿಂದಲೇ, ಕಿಟಕಿಯಲ್ಲಿ ನೋಡಿ. ಹೊರಗೆ ಬಂದು ಕಾಗದ ನೋಡಿದರು. ಆನೆಗೊಂದಿಯ ವಿಷಯ ಹೇಳಿದರು. "ಬೈಸಿಕೊಳ್ಳೂನಂತ ಹೋಗಿದ್ದೆ. ಬಯ್ಯಾಕ ಯಾರೂ ಉಳದಿಲ್ಲ" ಅಂದರು. ಬಳಿಕ ಕಾಗದವನ್ನು ನನಗೇ ವಾಪಸು ಕೊಟ್ಟರು.

"ಓದ್ರಿ."

"ನೀವ ಓದಿದ್ರೆಲ್ಲ."

"ಕೊಡೂ ಮನಷ್ಯಾ ಓದಿ ಹೇಳಿ ಕೊಡಬೇಕು. ಅದು ಕಾಯ್ದೆ. ಗಟ್ಟ್ಯಾಗಿ ಓದ್ರಿ, ಆಜೂಬಾಜೂದವರಿಗೆ ಕೇಳಸಬೇಕು."

ಅಕ್ಕಪಕ್ಕದ ಹೆಂಗಸರು ಆಗಲೇ ಹೊರಗೆ ಬಂದು ನಿಂತಿದ್ದರು. ನಾನು ಓದಿದೆ. ಅವರು ಎರಡು ಸಲ, "ಕೇಳವಲ್ದು" ಎಂದರು. ಮೂರನೇ ಸಲ ಓದುವಾಗ ಮಗಳು ಬಾಗಿಲಿಗೆ ಬಂದು, ಚೌಕಟ್ಟು ಹಿಡಿದು, ನಾನು ಮುಗಿಸುವ ತನಕ ನನ್ನ ಮುಖವನ್ನೇ ನೋಡಿದಳು. ಆಮೇಲೆ ಅವರು ನನ್ನ ಪೂರ್ತಿ ಹೆಸರು, ತಂದೆಯ ಹೆಸರು, ಊರು ಕೇಳಿ, ಕಾಗದದ ಕೆಳಗೆ 'ಇಂಥವರಿಂದ ಮುಟ್ಟಿತು' ಎಂದು ಬರೆದು ಸಹಿ ಮಾಡಿದರು.

ಆ ಪುಟವನ್ನು ಅವರು ಎರಡು ವರ್ಷಕ್ಕೂ ಹೆಚ್ಚು ಕಾಲ ನಡೆಸಿದರು. ವಿಡಿಯೊ ನೋಡಿ ಬೈದವರೂ ಬೆಳಿಗ್ಗೆ ಎದ್ದು ಲಿಂಕು ಒತ್ತುತ್ತಿದ್ದರು. ಈ ಸಲದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ, ಆ ದಿನದ್ದೆಲ್ಲ ಹಾಕಿ ಮುಗಿಸಿ, ಮುಖ ತೊಳೆಯಲು ಹಿತ್ತಲಿಗೆ ಹೋದವರು ಅಲ್ಲೇ ಕುಸಿದರು. ಮೂರನೆಯ ದಿನ ಮಗಳು ನನಗೆ ಫೋನು ಮಾಡಿದಳು. ನನ್ನ ನಂಬರು ಅವರ ನೋಟುಬುಕ್ಕಿನಲ್ಲಿ, ತಂದೆಯ ಹೆಸರು ಊರು ಸಮೇತ ಇತ್ತಂತೆ.

"ಜನಾ ಫೋನ್ ಮಾಡಾಕ ಹತ್ಯಾರ. ತಾರೀಖ ಬಂದಿಲ್ಲಂತಾರ. ನನಗ ಅದು ತಿಳಿಯೂದಿಲ್ಲ. ಪಾಸ್‌ವರ್ಡ್ ಕೊಡ್ತೀನಿ. ನಡಸ್ರಿ, ಇಲ್ಲಾ ಮುಚ್ಚರಿ" ಎಂದಳು. ಬೇರೆ ಒಂದು ಮಾತೂ ಇಲ್ಲ.

ನಡೆಸುತ್ತೇನೆ ಎಂದೆ. ಋಣ ತೀರಿಸುವ ಅವಕಾಶ ಸಿಕ್ಕಿತೆಂದು ನನಗೆ ಸಂತೋಷವೂ ಆಯಿತು. ಅವರು ಬರೆದ ಪ್ರೋಗ್ರಾಮನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ನಾನು ಆರು ಸಾಲಿನಲ್ಲಿ ಮುಗಿಸಿದ್ದಕ್ಕೆ ಅವರು ನೂರಕ್ಕೂ ಹೆಚ್ಚು ಸಾಲು ಬರೆದಿದ್ದರು. ಅಂದಗೆಟ್ಟದ್ದು, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವಂಥದ್ದು. ಬಂದ ಒಂದೊಂದು ತುಂಡಿಗೂ ನಿನ್ನನ್ನು ತೆಗೆದುಕೊಂಡೆನೋ ಬಿಟ್ಟೆನೋ, ಬಿಟ್ಟರೆ ಯಾಕೆ, ಎಂದು ಬರೆದಿಡುವಂಥದ್ದು.

ಬೆಳಿಗ್ಗೆ ಐದೂವರೆಗೆ ಎದ್ದು ಪಟ್ಟಿ ನೋಡಿ ಹೆಸರು ಹಾಕಬೇಕು. ಬಸ್ಸಿಗೆ ಹೊರಡುವವರು ಆರೂವರೆಗೆ ಲಿಂಕು ಒತ್ತುತ್ತಾರೆ. ಮೊದಲ ವಾರ ಉತ್ಸಾಹ ಇತ್ತು. ಎರಡನೆಯ ವಾರ ಏಳು ಗಂಟೆಯಾಗತೊಡಗಿತು. ಹನ್ನೊಂದು ದಿನ ಮುಗಿದ ಮರುದಿನ ಗಂಗಾವತಿಯಲ್ಲಿ ಗೆಳೆಯನ ಮನೆಯ ಗೃಹಪ್ರವೇಶ. ಹಿಂದಿನ ಸಂಜೆಯೇ ಹೋದೆ, ಬೆಳಿಗ್ಗೆ ಏಳಲಿಲ್ಲ. ಒಂದು ದಿನ ತಾನೇ ಎಂದುಕೊಂಡೆ. ಮರುದಿನವೂ ಏಳಲಿಲ್ಲ, ಅದರಾಚೆಯೂ ಇಲ್ಲ.

ಹನಮಸಾಗರದ ಕಡೆಯ ಒಬ್ಬ ಮನುಷ್ಯ ಅಂದು ಲಿಂಕು ಒತ್ತಿದ. ಏನೂ ಇಲ್ಲವೆಂದು ಪುಟ ಹೇಳಿತು, ಅವನು ಹೊಲಕ್ಕೆ ಹೋದ. ಕೋರ್ಟಿನಲ್ಲಿ ಅವನ ಹೆಸರು ಕೂಗಿದರು, ಬಾರದ್ದಕ್ಕೆ ವಾರಂಟ್ ಹೊರಟಿತು. ನಾಲ್ಕು ದಿನ ಬಿಟ್ಟು ಅವನ ಹೆಂಡತಿ, ಪುಟದಲ್ಲಿ ನಾನು ಹಾಕಿದ್ದ ನಂಬರಿಗೆ ಫೋನು ಮಾಡಿದಳು. ಸಂತೆಯಲ್ಲಿ ಹಿಡಿದುಕೊಂಡು ಹೋದರೆಂದಳು. "ನೀವು ಏನೂ ಇಲ್ಲಂತ ಹೇಳಿದ್ರೆಲ್ರಿ. ದಿನಾ ನಿಮ್ಮದ ನೋಡಿ ಹೋಗ್ತಿದ್ದ" ಎಂದಳು. ಬೈಯಲಿಲ್ಲ. ಅಳುತ್ತಿದ್ದಳು. ಪುಟ ನಡೆಸುವವನು ನಾನಲ್ಲ, ನಡೆಸುತ್ತಿದ್ದವರು ತೀರಿಕೊಂಡಿದ್ದಾರೆ ಎಂದು ಹೇಳಿ ಫೋನು ಇಟ್ಟೆ.

ಅಂದೇ ಪುಟ ಮುಚ್ಚಿದೆ. ಈ ಸೇವೆಯನ್ನು ನಿಲ್ಲಿಸಲಾಗಿದೆ ಎಂಬ ಒಂದು ಸಾಲು ಬಿಟ್ಟು ಉಳಿದದ್ದನ್ನೆಲ್ಲ ತೆಗೆದೆ. ಮಗಳಿಗೆ ನಾನೇ ತಿಳಿಸಬೇಕಿತ್ತು. ಎರಡು ದಿನ ಮುಂದೂಡಿದೆ. ಅಷ್ಟರಲ್ಲಿ ಅವಳದೇ ಫೋನು ಬಂತು.

"ಮುಚ್ಚಿದ್ರಂತ."

"ಹೌದು. ಕೆಲಸದ ಒತ್ತಡ ಭಾಳ ಆಗಿತ್ತು. ಎಷ್ಟ ದಿನ ಆದ್ರೂ ನಡಸಬೇಕಂತ..."

"ಖರೆ ಎಷ್ಟ ದಿನ ನಡಸಿದ್ರಿ? ಅದನ್ನ ಹೇಳ್ರಿ."

"ಹನ್ನೊಂದು."

ಆ ಕಡೆ ಕಾಗದ ಮಗುಚಿದ ಸದ್ದು ಕೇಳಿತು. "ನನ್ನ ಹಿಂದ ಸರ್ ನಡಸಿದ್ರ ಹದಿನೈದ ದಿನ ಅಂತ ಅಪ್ಪಾರು ಬರದಿಟ್ಟಿದ್ರು" ಎಂದಳು. "ನಿಮ್ಮ ಮ್ಯಾಲೆ ಅವರಿಗೆ ಅಷ್ಟ ನಂಬಿಕಿ ಇತ್ತು."